ತ್ರಾಸು

ಅಜ್ಜರಕಾಡಿನ ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ
ರಬ್ಬರಿನ ಉಂಡೆ ಒತ್ತಿದರು ಸಿಸ್ಟರ್ ಹಿಲ್ಡಾ.
ನೂರ ಎಪ್ಪತ್ತೆರಡು, ಕೆಳಗೆ ನೂರ ನಾಲ್ಕು.
ಮತ್ತೊಮ್ಮೆ ಒತ್ತಿದರು. ಈ ಸಲ ಮುಳ್ಳು ಬಿಟ್ಟು ನನ್ನ ಮುಖ ನೋಡಿದರು:
"ಎಂತ ಆಚಾರ್ರೆ, ನೀವು ಉಸಿರೇ ಬಿಡುವುದಿಲ್ಲವಲ್ಲ!"

ಹೌದು. ನನಗೆ ಗೊತ್ತೇ ಇರಲಿಲ್ಲ.
ಎಲ್ಲಿಯಾದರೂ ಒಂದು ಮುಳ್ಳು ಅಲುಗುವುದು ಕಂಡರೆ ಸಾಕು,
ಎದೆ ತಾನಾಗಿ ಅಗುಳಿ ಹಾಕಿಕೊಳ್ಳುತ್ತದೆ.

ಬಡಗುಪೇಟೆಯ ತಗ್ಗು ಮಾಡಿನ ಕೆಳಗೆ, ಒಂಬತ್ತನೇ ವಯಸ್ಸಿಗೆ,
ಅಪ್ಪ ನನ್ನನ್ನು ತ್ರಾಸಿನ ಮುಂದೆ ಕೂರಿಸಿದರು.
"ನೀನು ಉಸಿರು ಬಿಟ್ಟರೆ ಒಂದು ಗುಲಗಂಜಿ ಸುಳ್ಳು.
ಒಂದು ಗುಲಗಂಜಿ ಸುಳ್ಳಿಗೆ ಮೂರು ತಲೆಯ ಹೆಸರು."
ತಟ್ಟೆ ನಿಲ್ಲುವ ಮೊದಲು ಬಿಟ್ಟರೆ
ಇಕ್ಕಳದ ಹಿಂಬದಿಯಿಂದ ಗೆಣ್ಣಿಗೆ ಒಂದು.
ಗಾಜಿನ ಪೆಟ್ಟಿಗೆಯ ತ್ರಾಸು ಸಾಹುಕಾರರದ್ದು;
ನಮ್ಮದಕ್ಕೆ ನಾವೇ ಗಾಜು.

ಮೂಗುಬೊಟ್ಟಿಗೆ ಕಲ್ಲು ಕೂರಿಸುವಾಗ ಕಟ್ಟಿದೆ,
ಕೂದಲಿನಷ್ಟು ತಂತಿ ಎಳೆಯುವಾಗ ಕಟ್ಟಿದೆ.
ಅಲೆವೂರಿನ ಹೆಂಗಸೊಬ್ಬರು ಒಂದು ಮಧ್ಯಾಹ್ನ
ಕರವಸ್ತ್ರದ ಗಂಟು ಬಿಚ್ಚಿ ಕರಿಮಣಿ ಇಟ್ಟರು.
ಕೊರಳಲ್ಲಿ ಅದರ ಬಿಳಿ ಗೆರೆ ಇನ್ನೂ ಇತ್ತು.
ತಟ್ಟೆ ಏರಿತು, ಇಳಿಯಿತು, ಏರಿತು.
ನಾನು ಉಸಿರು ಹಿಡಿದಿದ್ದೆ. ಅವರೂ.
ಆಚೆ ರಸ್ತೆಯಲ್ಲಿ ಕಂಡಕ್ಟರ್ ಮಾತ್ರ
ಮಣಿಪಾಲ ಮಣಿಪಾಲ ಎಂದು ಕೂಗುತ್ತಲೇ ಇದ್ದ.
ಎಷ್ಟಾಯಿತೆಂದು ಹೇಳಲು ನನ್ನಲ್ಲಿ ಗಾಳಿ ಇರಲಿಲ್ಲ.

ಆದರೆ ಆಗ ಬಿಡುವುದೂ ಒಂದು ಕಸುಬಾಗಿತ್ತು.
ಊದುಗೊಳವೆ.
ಹಿತ್ತಾಳೆಯದು, ತುದಿ ಹಕ್ಕಿಯ ಕೊಕ್ಕಿನಂತೆ ಬಾಗಿದ್ದು.
ಎಣ್ಣೆದೀಪದ ಕುಡಿಯನ್ನು ಬೆಸುಗೆಯ ಕಡೆಗೆ ಬಗ್ಗಿಸಿ
ಮೂಗಿನಿಂದ ಕದ್ದು ತೆಗೆದು, ಕೆನ್ನೆಯಲ್ಲಿ ಕೂಡಿಟ್ಟು,
ಬಿಡುತ್ತ ಬಿಡುತ್ತ ಬಿಡುತ್ತ
ಬಿಳಿಗಾರ ನೊರೆದು ಬೆಸುಗೆ ಮಿಂಚಿ ಓಡುವ ತನಕ.
ತ್ರಾಸಿನೆದುರು ಕಟ್ಟಿದ್ದೆಲ್ಲ ದೀಪದೆದುರು ಚುಕ್ತಾ.

ಗ್ಯಾಸಿನ ಟಾರ್ಚು ಬಂತು.
ಇನ್ನು ನಿಮ್ಮ ಪುಪ್ಪುಸಕ್ಕೆ ರಜೆ ಎಂದರು ಎಲ್ಲರೂ.
ಕಿವಿ ತಿರುಪಿದರೆ ಸುಯ್ ಎನ್ನುತ್ತದೆ, ನನಗಿಂತ ನೆಟ್ಟಗೆ.
ಕಟ್ಟುವ ಕೆಲಸ ಮಾತ್ರ ನನಗೆ ಉಳಿಯಿತು.

"ನಿದ್ದೆಯಲ್ಲೂ ತೂಗುತ್ತೀರಿ ನೀವು," ಎನ್ನುತ್ತಾಳೆ ವಾರಿಜ.
"ನಡುರಾತ್ರಿ ನಿಂತೇ ಹೋಗುತ್ತದೆ. ನಾನು ಎಣಿಸುತ್ತೇನೆ,
ಹದಿನಾಲ್ಕು, ಹದಿನೈದು… ಆಮೇಲೆ ತಿವಿಯುತ್ತೇನೆ."
ಇಪ್ಪತ್ತು ವರ್ಷ ಆ ಮೊಣಕೈಯನ್ನು
ನಾನು ಜಗಳವೆಂದು ತಿಳಿದಿದ್ದೆ.

ಡಾಕ್ಟ್ರು ಬರೆದ ಮಾತ್ರೆಯ ಚೀಟಿ ಕೊಟ್ಟು,
ಮಿಡಿ ಉಪ್ಪಿನಕಾಯಿಯ ಭರಣಿಗೆ ಕೈ ಹಾಕಬೇಡಿ ಎಂದು,
ಸಿಸ್ಟರ್ ಬಾಗಿಲ ತನಕ ಬಂದು ಇನ್ನೊಂದು ಹೇಳಿದರು:
ಎಳೆದುಕೊಂಡ ಹೊತ್ತಿನ ಎರಡರಷ್ಟು ಹೊತ್ತು ಬಿಡಿ, ದಿನಾ ಹತ್ತು ನಿಮಿಷ.
ಎರಡರಷ್ಟಾ? ಹತ್ತರಷ್ಟು ಬಿಟ್ಟವ ಮಾರಾಯ್ರೆ ನಾನು!

ಅಟ್ಟದಿಂದ ಗೊಳವೆ ಇಳಿಸಿ ಊದಿದೆ. ಗಾಳಿ ಹೋಗಲಿಲ್ಲ.
ಒಳಗೆ ಕಣಜವೊಂದು ಮಣ್ಣಿನ ಕೋಣೆ ಕಟ್ಟಿ
ಮಕ್ಕಳನ್ನು ಸಾಕಿ ಹಾರಿಹೋಗಿತ್ತು.
ತಂತಿ ತೂರಿಸಿ ಮತ್ತೆ ಊದಿದರೆ
ಕೆಂಪು ಪುಡಿ, ಒಂದು ಒಣ ರೆಕ್ಕೆ,
ಎಲ್ಲ ವಾರಿಜ ಆಗಷ್ಟೇ ಒರೆಸಿದ ನೆಲಕ್ಕೆ.

ಈಗ ಸಂಜೆ, ಬೆಸೆಯುವುದಕ್ಕೇನೂ ಇಲ್ಲದೆ,
ದೀಪದ ಕುಡಿ ಬಗ್ಗಿಸುತ್ತ ಕೂರುತ್ತೇನೆ.
ಆರಬಾರದು. ನೆಟ್ಟಗೆ ನಿಲ್ಲಲೂಬಾರದು.

ಮೊನ್ನೆ ನೂರ ನಲವತ್ತೆಂಟು, ತೊಂಬತ್ತೆರಡು.
"ಮಾತ್ರೆ ಬಿಡಬೇಡಿ ಮತ್ತೆ," ಎಂದರು ಸಿಸ್ಟರ್,
"ಇಳಿದದ್ದು ಮಾತ್ರೆಗೋ ಗೊಳವೆಗೋ ಯಾರಿಗೆ ಗೊತ್ತು."
ಪಟ್ಟಿ ಬಿಗಿದಾಗ ಎದೆ ಹಳೆಯ ಹಾಗೆಯೇ ಕಟ್ಟಿತ್ತು,
ಅಪ್ಪ ಬೆನ್ನ ಹಿಂದೆ ಇಕ್ಕಳ ಹಿಡಿದು ನಿಂತಿದ್ದರು.
ಬಿಟ್ಟೆ, ಸ್ವಲ್ಪ.
ಮುಳ್ಳು ಅಲುಗಿತು.
ಗೆಣ್ಣಿಗೆ ಏನೂ ಬೀಳಲಿಲ್ಲ.